ಟ್ರಿನಿಡಾಡ್‌ಗೆ ಬರ್ತಿದೀನಿ, ಅಲ್ಲಿ ಸೇಫಾ ಅಕ್ಕ?

ಮೊನ್ನೆ ದಾವಣಗೆರೆ ಕಡೆಯ ಒಬ್ಬ ಹುಡುಗಿ ವಾಯ್ಸ್ ಮೆಸೇಜ್ ಕಳಿಸಿದ್ಲು. ಆಗಸ್ಟ್‌ನಲ್ಲಿ ಇಲ್ಲಿ ಸೇಂಟ್ ಆಗಸ್ಟೀನ್‌ನಲ್ಲಿರೋ ವೆಸ್ಟ್ ಇಂಡೀಸ್ ಯೂನಿವರ್ಸಿಟಿಗೆ ಓದೋಕೆ ಬರ್ತಿದಾಳೆ. "ಅಕ್ಕ, ನಿಜ ಹೇಳಿ, ಅಲ್ಲಿ ಸೇಫಾ?" ಅಂತ ಅವಳು ಕೇಳಿ ಮುಗಿಸೋದ್ರೊಳಗೆ ಹಿಂದಿನಿಂದ ಅವರಮ್ಮನ ದನಿ, "ಮನಿ ಬಾಗ್ಲ ಗಟ್ಟಿ ಅದಾವೇನ್ ಕೇಳು."

ನಾವು ಈ ಕೆರಿಬಿಯನ್ ದ್ವೀಪಕ್ಕೆ ಬಂದು ಎಂಟು ವರ್ಷ ಆಯ್ತು. ಯಜಮಾನ್ರು ಪಾಯಿಂಟ್ ಲಿಸಾಸ್‌ನ ಒಂದು ಫ್ಯಾಕ್ಟರಿಲಿ, ನಾನು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಒಂದು ಆಫೀಸಲ್ಲಿ ಅಕೌಂಟ್ಸು. ಈ ಎಂಟು ವರ್ಷದಲ್ಲಿ ಈ ಪ್ರಶ್ನೆ ಎಷ್ಟು ಜನ ಕೇಳಿದಾರೋ ಲೆಕ್ಕ ಇಲ್ಲ, ಕೆಲಸಕ್ಕೆ ಬರೋ ಇಂಜಿನಿಯರ್‌ಗಳು, ಡಾಕ್ಟರ್‌ಗಳು, ಗಂಡನ ಹಿಂದೆ ಬರೋ ಹೆಣ್ಣುಮಕ್ಕಳು, ಎಲ್ಲರಿಗೂ ತುಂಡು ತುಂಡಾಗಿ ಉತ್ತರ ಕೊಡ್ತಾನೇ ಬಂದಿದೀನಿ. ಇವತ್ತು ಕೂತು ಪೂರ್ತಿ ಬರೀತಿದೀನಿ, ಮುಖ್ಯವಾಗಿ ಆ ಅಮ್ಮನಿಗೋಸ್ಕರ.

ಮೊದಲು ಕಹಿ ವಿಷಯ. ಈ ದೇಶದ ಜನಸಂಖ್ಯೆ ಸುಮಾರು 14 ಲಕ್ಷ, ಹೆಚ್ಚುಕಮ್ಮಿ ಮೈಸೂರು ಮತ್ತೆ ಅದರ ಸುತ್ತಮುತ್ತ ಸೇರಿಸಿದಷ್ಟು. ಅಷ್ಟು ಜನರ ಮಧ್ಯೆ 2024ರಲ್ಲಿ 600ಕ್ಕೂ ಹೆಚ್ಚು ಕೊಲೆ ಆದ್ವು. ಲಕ್ಷಕ್ಕೆ ಲೆಕ್ಕ ಹಾಕಿದ್ರೆ 40 ದಾಟುತ್ತೆ, ನಮ್ಮ ದೇಶದಲ್ಲಿ ಅದು 2ರ ಆಸುಪಾಸು. ಆ ವರ್ಷ ಡಿಸೆಂಬರ್ 30ಕ್ಕೆ ಸರ್ಕಾರ ಎಮರ್ಜೆನ್ಸಿ ಘೋಷಣೆ ಮಾಡ್ತು, ಕರ್ಫ್ಯೂ ಹಾಕಲಿಲ್ಲ, ಆದ್ರೆ ಪೊಲೀಸರು ವಾರಂಟ್ ಇಲ್ಲದೆ ಮನೆ ಹುಡುಕಬಹುದಿತ್ತು, ಹಿಡಿದುಕೊಂಡು ಹೋಗಬಹುದಿತ್ತು. 2025ರ ಜುಲೈನಲ್ಲಿ ಇನ್ನೊಂದು ಸಲ ಎಮರ್ಜೆನ್ಸಿ ಬಂತು. ಹಾಗಾಗಿ ಯಾರಾದ್ರೂ "ಏನೂ ಇಲ್ಲ ರೀ, ಎಲ್ಲಾ ಮೀಡಿಯಾದವರು ಉಬ್ಬಿಸ್ತಾರೆ" ಅಂದ್ರೆ ನಂಬಬೇಡಿ.

ಆದ್ರೆ ಆ 600 ಜನ ಯಾರು ಅನ್ನೋದನ್ನೂ ನೋಡಬೇಕು. ವೆನೆಜುವೆಲಾ ಇಲ್ಲಿಂದ ಸಮುದ್ರದಲ್ಲಿ ಬರೀ 11 ಕಿಲೋಮೀಟರ್. ದಕ್ಷಿಣ ಅಮೆರಿಕದಿಂದ ಮೇಲಕ್ಕೆ ಹೋಗೋ ಡ್ರಗ್ಸ್‌ಗೆ ಇದು ದಾರಿ, ಡ್ರಗ್ಸ್ ಜೊತೆ ಬಂದೂಕು, ಬಂದೂಕಿನ ಜೊತೆ ಗ್ಯಾಂಗು. ಸತ್ತವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ಗಂಡು ಹುಡುಗರು, ಅದರಲ್ಲೂ ಲಾವೆಂಟಿಲ್, ಬೀಥಮ್, ಸೀ ಲಾಟ್ಸ್, ಮೊರ್ವಾಂಟ್ ಅನ್ನೋ ಒಂದಷ್ಟು ಬಡಾವಣೆಗಳ ಮಕ್ಕಳು. ನನ್ನ ಆಫೀಸಲ್ಲಿ ಲಾವೆಂಟಿಲ್‌ನಿಂದ ಬರೋ ಒಬ್ರು ಇದಾರೆ, ಮಗ ಸ್ಕೂಲಿಂದ ಮನೆಗೆ ಬಂದೆ ಅಂತ ಫೋನ್ ಮಾಡೋವರೆಗೂ ಅವರ ಕೈ ಕಂಪ್ಯೂಟರ್ ಮೇಲಿರುತ್ತೆ, ಕಣ್ಣು ಮೊಬೈಲ್ ಮೇಲಿರುತ್ತೆ. ಈ ದೇಶದ ಅಪಾಯದ ದೊಡ್ಡ ಪಾಲು ಹೊತ್ತಿರೋದು ಅವರಂಥವರು. ಹೊರಗಿಂದ ಬರೋ ನಮ್ಮ ಪಾಲಿಗೆ ಬರೋದು ಬೇರೆ ಥರದ್ದು: ಗೇಟಿನ ಹತ್ರ ದರೋಡೆ, ಗೊತ್ತಿಲ್ಲದ ಕಾರು, ಕೊರಳಲ್ಲಿರೋ ಬಂಗಾರ, ಆನ್‌ಲೈನ್‌ನಲ್ಲಿ ಕರೆಸಿಕೊಂಡು ಮಾಡೋ ಮೋಸ. ಆ ಬಡಾವಣೆಗಳಿಗೆ ಗುರುತಿನವರಿಲ್ಲದೆ ಹೋಗಬೇಡಿ, ಹಗಲಲ್ಲೂ. ಅದು ಬಿಟ್ರೆ ಮಿಕ್ಕಿದ್ದೆಲ್ಲ ನಾವು ಕಲಿಯೋವಂಥದ್ದೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ನನಗೆ ಈ ಪ್ರಶ್ನೆ ಕೇಳಿದಾಗೆಲ್ಲ ಸಿಟ್ಟು ಬರುತ್ತೆ. "ಮನೆ ಇಂಡಿಯನ್ಸ್ ಇರೋ ಏರಿಯಾದಲ್ಲೇ ನೋಡಿ, ಕರಿಯರ ಹತ್ರ ಬೇಡ" ಅಂತಾರೆ ನಮ್ಮೋರು. 1845ರಲ್ಲಿ ಫಟೆಲ್ ರಜಾಕ್ ಅನ್ನೋ ಹಡಗಿಂದ ಶುರುವಾಗಿ ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಬಂದವರ ಮೊಮ್ಮಕ್ಕಳು ಮರಿಮಕ್ಕಳು ಇವತ್ತು ಈ ದೇಶದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದಾರೆ, ಅವರಲ್ಲೂ ದೋಚೋರು ಇದಾರೆ, ಕಾಪಾಡೋರೂ ಇದಾರೆ, ಆಫ್ರಿಕನ್ ಮೂಲದವರಲ್ಲೂ ಅಷ್ಟೇ. ಒಂದು ಸಲ ಆಫೀಸಲ್ಲಿ ವರ್ಷದ ಕೊನೆ ಲೆಕ್ಕ ಮುಗಿಸಿ ಬರೋಷ್ಟರಲ್ಲಿ ರಾತ್ರಿ ಒಂಬತ್ತೂವರೆ, ಮ್ಯಾಕ್ಸಿಲಿ, ಅಂದ್ರೆ ಇಲ್ಲಿನ ಮಿನಿಬಸ್ ಟ್ಯಾಕ್ಸಿಲಿ, ನಾನೊಬ್ಬಳೇ ಉಳಿದಿದ್ದೆ. ಡ್ರೈವರು ಅರವತ್ತು ವರ್ಷದ ಆಫ್ರಿಕನ್ ಮನುಷ್ಯ. ನಾನು ಇಳಿದ ಮೇಲೆ ಗಾಡಿ ಮುಂದಕ್ಕೆ ಹೋಗಲಿಲ್ಲ, ಹೆಡ್‌ಲೈಟನ್ನ ನಮ್ಮ ಗಲ್ಲಿ ಕಡೆ ತಿರುಗಿಸಿ ನಿಲ್ಲಿಸಿಕೊಂಡ್ರು. ಆ ಬೆಳಕಲ್ಲೇ ನಡ್ಕೊಂಡು ಬಂದು ಗೇಟು ತೆಗೆದು ಒಳಗೆ ಹೋಗಿ ಬೀಗ ಹಾಕಿದ ಮೇಲೆ ಒಂದು ಸಲ ಹಾರ್ನ್ ಮಾಡಿ ಹೋದ್ರು. ಅವರ ಹೆಸರು ಕೂಡ ಆಗ ನನಗೆ ಗೊತ್ತಿರಲಿಲ್ಲ.

ಈಗ ಗೇಟಿನ ವಿಷಯ. ಅಮ್ಮಾ, ಇಲ್ಲಿ ಬಾಗಿಲು ಗಟ್ಟಿ ಇರ್ತಾವೆ. ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್, ಬಾಗಿಲಿಗೂ ಗ್ರಿಲ್, ಇವರು ಅದಕ್ಕೆ ಬರ್ಗ್ಲರ್ ಪ್ರೂಫ್ ಅಂತಾರೆ, ನೋಡಿದ್ರೆ ನಮ್ಮ ಬೆಂಗಳೂರಿನ ಮನೆಗಳೇ ನೆನಪಾಗ್ತಾವೆ. ಮನೆಯೊಳಗೆ ಕೂತಾಗ ಆಗೋದಕ್ಕಿಂತ ಮನೆಗೆ ಬರೋವಾಗ, ಗೇಟು ತೆಗೆಯೋ ಆ ಅರ್ಧ ನಿಮಿಷದಲ್ಲಿ ಆಗೋದೇ ಜಾಸ್ತಿ ಭಯ. ಬ್ಯಾಂಡಿಟ್‌ಗಳು, ಇಲ್ಲಿ ಕಳ್ಳರಿಗೆ ಎಲ್ಲರೂ ಹೇಳೋದು ಹಾಗೇ, ಕಾರನ್ನ ಹಿಂಬಾಲಿಸಿಕೊಂಡು ಬಂದು ನೀವು ಇಳಿದು ಗೇಟು ಎಳೆಯುವಾಗ ಮೇಲೆ ಬೀಳ್ತಾರೆ. ಅದಕ್ಕೆ ಗಲ್ಲಿಗೆ ತಿರುಗೋ ಮುಂಚೆ ಕನ್ನಡಿ ನೋಡಿ, ಹಿಂದೆ ಅದೇ ಕಾರು ಎರಡು ತಿರುವಿಂದ ಬರ್ತಿದ್ರೆ ಮನೆಗೆ ಹೋಗಬೇಡಿ, ಸೀದಾ ಪೆಟ್ರೋಲ್ ಬಂಕ್‌ಗೋ ಪೊಲೀಸ್ ಸ್ಟೇಷನ್‌ಗೋ ಹೋಗಿ. ನಾನು ಎಂಟು ವರ್ಷದಲ್ಲಿ ಎರಡು ಸಲ ಹಾಗೆ ಮಾಡಿದೀನಿ, ಎರಡು ಸಲನೂ ಹಿಂದಿನ ಕಾರು ತನ್ನ ಪಾಡಿಗೆ ಹೊರಟು ಹೋಯ್ತು, ಸುಮ್ನೆ ಹೆದರಿದ್ದೆ ಇರಬಹುದು, ಆದ್ರೂ ಮೂರನೇ ಸಲನೂ ಹಾಗೇ ಮಾಡ್ತೀನಿ. ಬಾಡಿಗೆ ಮನೆ ನೋಡೋವಾಗ ಹಗಲು ಒಂದು ಸಲ, ರಾತ್ರಿ ಎಂಟಕ್ಕೆ ಇನ್ನೊಂದು ಸಲ ಹೋಗಿ ನೋಡಿ. ಬೀದಿ ದೀಪ ಉರಿಯುತ್ತಾ, ಗೇಟಿನ ಪಕ್ಕ ಯಾರಾದ್ರೂ ಅಡಗಿಕೊಳ್ಳೋ ಹಾಗೆ ಗಿಡ ಬೆಳೆದಿದೆಯಾ, ಅಕ್ಕಪಕ್ಕದವರು ಹೊರಗೆ ಕೂತಿರ್ತಾರಾ. ಮತ್ತೆ ಗ್ರಿಲ್ ಬೀಗದ ಕೀ ಒಳಗಡೆ ಮೊಳೆಗೆ ನೇತಾಕಿ, ಹೊರಗಿಂದ ಕೈಗೆ ಸಿಗಬಾರದು, ಮನೇಲಿರೋ ಮಗುಗೆ ಸಿಗಬೇಕು. ಬೆಂಕಿ ಬಿದ್ರೆ ಅದೇ ಗ್ರಿಲ್ಲು ನಮ್ಮನ್ನ ಒಳಗೆ ಕೂಡಿಹಾಕುತ್ತೆ.

ಎರಡನೇದು ಗಾಡಿ. ಹೊಸದಾಗಿ ಬರೋರು, ಅದರಲ್ಲೂ ಹೆಣ್ಣುಮಕ್ಕಳು, ಇದನ್ನ ಬಾಯಿಪಾಠ ಮಾಡ್ಕೊಳ್ಳಿ. ಬಾಡಿಗೆಗೆ ಪರ್ಮಿಟ್ ಇರೋ ಟ್ಯಾಕ್ಸಿ ನಂಬರು ಎಚ್ ಅಕ್ಷರದಿಂದ ಶುರುವಾಗುತ್ತೆ, ಸ್ವಂತ ಕಾರುಗಳದ್ದು ಪಿ. ಆದ್ರೆ ಪಿ ನಂಬರಿನ ಕಾರುಗಳೂ ಬಾಡಿಗೆ ಹೊಡೀತಾವೆ, ಪಿಎಚ್ ಅಂತಾರೆ, ಕಾನೂನು ಪ್ರಕಾರ ತಪ್ಪು, ಆದ್ರೂ ಊರೆಲ್ಲ ಹತ್ತುತ್ತೆ.

ನಾನು ಬಂದ ಎರಡನೇ ತಿಂಗಳು ಕ್ಯುರೆಪ್ ಜಂಕ್ಷನ್‌ನಲ್ಲಿ ಸಂಜೆ ಜೋರು ಮಳೆ, ಮ್ಯಾಕ್ಸಿ ಒಂದೂ ಇಲ್ಲ, ಒಂದು ಬಿಳಿ ಕಾರು ಬಂದು ನಿಂತು ಹಾರ್ನ್ ಮಾಡ್ತು. ಹಿಂದೆ ಇಬ್ಬರು ಗಂಡಸರು ಕೂತಿದ್ರು. ಚಪ್ಪಲಿ ನೆಂದು ಜಾರ್ತಾ ಇತ್ತು, ಮನೇಲಿ ಮಗ ಒಬ್ಬನೇ, ನಾನು ಬಾಗಿಲ ಹಿಡಿಕೆ ಮೇಲೆ ಕೈ ಇಟ್ಟಿದ್ದೆ. ಹಿಂದೆ ಡಬಲ್ಸ್ ಮಾರೋ ಹೆಂಗಸು, ಡಬಲ್ಸ್ ಅಂದ್ರೆ ಪೂರಿಯಂಥ ಮೆತ್ತಗಿನ ಎರಡು ಬಾರಾ ಮೇಲೆ ಕಡಲೆ ಗೊಜ್ಜು ಹಾಕಿ ಕೊಡ್ತಾರಲ್ಲ ಅದು, ಸೌಟು ಹಿಡಿದ ಕೈನೇ ಮೇಲೆತ್ತಿ ಕೂಗಿದ್ರು, "ಹುಡುಗೀ, ಅದು ಪಿ. ಈಕಡೆ ಬಾ." ಅವರ ದೊಡ್ಡ ಛತ್ರಿ ಕೆಳಗೆ ಅರ್ಧ ಗಂಟೆ ನಿಂತಿದ್ದೆ, ಸೌಟಿಂದ ಕಡಲೆ ರಸ ನನ್ನ ದುಪಟ್ಟಾ ಮೇಲೆ ಬಿದ್ದಿದ್ದು ಇವತ್ತಿಗೂ ಹಳದಿ ಕಲೆಯಾಗಿ ಹಾಗೇ ಇದೆ. ಆ ಕಾರಲ್ಲಿದ್ದವರು ಒಳ್ಳೆಯವರೇ ಇರಬಹುದು. ಆದ್ರೆ 2021ರ ಜನವರಿಯಲ್ಲಿ ಅರೀಮಾ ಕೋರ್ಟಲ್ಲಿ ಕ್ಲರ್ಕ್ ಆಗಿದ್ದ ಒಬ್ಬ ಹುಡುಗಿ ಕೆಲಸ ಮುಗಿಸಿ ಟ್ಯಾಕ್ಸಿ ಅಂತ ನಂಬಿ ಹತ್ತಿದ್ದು ಸುಳ್ಳು ಎಚ್ ನಂಬರ್ ಹಾಕಿದ್ದ ಕಾರು. ಕೆಲವು ದಿನ ಆದ್ಮೇಲೆ ಬೆಟ್ಟದ ಇಳಿಜಾರಲ್ಲಿ ಅವಳ ಹೆಣ ಸಿಕ್ತು. ಇಡೀ ದೇಶ ಮೇಣದಬತ್ತಿ ಹಿಡ್ಕೊಂಡು ಬೀದಿಗೆ ಬಂತು. ಅಂದ್ರೆ ಎಚ್ ನೋಡಿದ್ರೂ ಸಾಲದು. ಸ್ಟ್ಯಾಂಡ್‌ನಲ್ಲೇ ಹತ್ತಿ, ದಾರಿಯಲ್ಲಿ ನಿಲ್ಲಿಸಿದ ಕಾರು ಬೇಡ. ನನಗೆ ಎಲ್ಲಕ್ಕಿಂತ ನಂಬಿಕೆ ಮ್ಯಾಕ್ಸಿ ಮೇಲೆ, ನಮ್ಮ ಕಡೆ ಕೆಂಪು ಪಟ್ಟಿದು, ಬಸ್ಸು ಮ್ಯಾಕ್ಸಿಗೇ ಅಂತ ಬಿಟ್ಟಿರೋ ರೋಡಲ್ಲಿ ಪೋರ್ಟ್ ಆಫ್ ಸ್ಪೇನ್‌ನ ಸಿಟಿ ಗೇಟ್ ತನಕ ಹೋಗುತ್ತೆ, ತುಂಬ ಜನ ಇರ್ತಾರೆ. ಕತ್ತಲಾದ ಮೇಲೆ ಅಕ್ಕಪಕ್ಕದವರು ವರ್ಷಗಳಿಂದ ಕರೀತಿರೋ ಟ್ಯಾಕ್ಸಿಯವರ ನಂಬರು ಕೇಳಿ ಇಟ್ಕೊಳ್ಳಿ.

ಆ ಡಬಲ್ಸ್ ಹೆಂಗಸಿಗೆ ನನ್ನ ಮುಖ ಯಾಕೆ ಗೊತ್ತಿತ್ತು? ದಿನಾ ಬೆಳಿಗ್ಗೆ ಅವರ ಮುಂದೆ ಹೋಗುವಾಗ "ಗುಡ್ ಮಾರ್ನಿಂಗ್" ಅಂತಿದ್ದೆ, ಅಷ್ಟೇ. ಇಲ್ಲಿ ಅಂಗಡಿಗೆ ಹೋದ್ರೆ, ಮ್ಯಾಕ್ಸಿ ಹತ್ತಿದ್ರೆ, ಡಾಕ್ಟರ ಹತ್ರ ಕಾಯೋ ಕೋಣೆಗೆ ಹೋದ್ರೆ ಎಲ್ಲರಿಗೂ ಕೇಳೋ ಹಾಗೆ ಗುಡ್ ಮಾರ್ನಿಂಗ್ ಹೇಳಬೇಕು, ರಾತ್ರಿ ಆದ್ರೆ ಗುಡ್ ನೈಟ್. ಇಲ್ಲಿ ಗುಡ್ ನೈಟ್ ಅಂದ್ರೆ ಬಂದೆ ಅಂತ ಅರ್ಥ, ಹೋಗ್ತೀನಿ ಅಂತಲ್ಲ. ಹೇಳದೆ ಮೊಬೈಲ್ ನೋಡ್ಕೊಂಡು ಕೂತ್ರೆ ಸೊಕ್ಕು ಅಂದ್ಕೊಳ್ತಾರೆ. ನಮ್ಮೋರು ಹೆದರಿಕೆಗೆ ಗೇಟು ಹಾಕ್ಕೊಂಡು, ನಾಲ್ಕು ಕನ್ನಡದ ಮನೆ ಐದು ತೆಲುಗು ಮನೆ ಬಿಟ್ರೆ ಯಾರ ಹತ್ರನೂ ಮಾತಾಡದೆ ವರ್ಷ ಕಳೀತಾರೆ, ಅಂಥವರ ಮನೆ ಮುಂದೆ ಗೊತ್ತಿಲ್ಲದವನು ಎರಡು ದಿನ ಓಡಾಡಿದ್ರೂ ಹೇಳೋಕೆ ಯಾರೂ ಇರಲ್ಲ. ನಮ್ಮ ಪಕ್ಕದ ಮನೆಯ ಎಂಬತ್ತು ವರ್ಷದ ಹಿರಿಯರನ್ನ ನಾನು ಮೊದಲ ದಿನವೇ ಅಜ್ಜಿ ಅಂದೆ, ಅವರು ಬೆರಗಾಗಿ ನೋಡಿದ್ರು, ಇಲ್ಲಿನ ಭಾರತೀಯ ಮೂಲದವರು ಅಪ್ಪನ ಅಮ್ಮನಿಗೆ ಆಜಿ ಅಂತಾರೆ, ಭೋಜ್‌ಪುರಿಯಿಂದ ಉಳಿದಿರೋ ಮಾತು. ಅವತ್ತಿಂದ ನಮ್ಮ ಗೇಟು ಅವರ ಗೇಟು ಎರಡಕ್ಕೂ ಅವರೇ ಕಾವಲು. ನಾವು ಊರಿಗೆ ಹೋದಾಗ ಮನೆ ಲೈಟ್ ಹಾಕಿ ಆರಿಸೋದು ಅವರೇ. ನನ್ನ ಪ್ರಕಾರ ಅತಿ ಹೆಚ್ಚು ಅಪಾಯ ಮೊದಲ ಮೂರು ತಿಂಗಳು, ಯಾರಿಗೂ ನಮ್ಮ ಗುರುತಿಲ್ಲದಿರೋ ಹೊತ್ತು.

ಬಂಗಾರ. ಇದಕ್ಕೆ ಊರಲ್ಲಿ ಜಗಳ ಆಗುತ್ತೆ, ಗೊತ್ತು. ನನ್ನ ಮಾಂಗಲ್ಯ ಸರ ಬ್ಯಾಂಕ್ ಲಾಕರ್‌ನಲ್ಲಿದೆ, ಕೊರಳಲ್ಲಿ ಸಣ್ಣ ಕರಿಮಣಿ, ಎರಡು ತಾಳಿ ಮಾತ್ರ, ಅದೂ ಬಟ್ಟೆ ಒಳಗೆ. ನಮ್ಮತ್ತೆ ಮೊದಲು ಒಪ್ಪಲಿಲ್ಲ, ಇಲ್ಲಿಗೆ ಬಂದು ಎರಡು ತಿಂಗಳು ಇದ್ದು ಪೇಪರ್ ಓದಿ ಹೋದ ಮೇಲೆ ಅವರೇ ಸೊಸೆಯಂದಿರಿಗೆಲ್ಲ ಹೇಳ್ತಾರೆ.

ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು, ಫೋನು ನೋಡೋರು ಹುಷಾರು. ಕಮ್ಮಿ ರೇಟು ಹಾಕಿ, ದುಡ್ಡು ತಗೊಂಡು ಬನ್ನಿ ಅಂತ ಯಾವುದೋ ಮೂಲೆಗೆ ಕರೆಸಿ ದೋಚಿದ್ದು, ಹಿಡಿದಿಟ್ಟುಕೊಂಡಿದ್ದು ಎಷ್ಟೋ ಆಗಿದೆ. ಹಗಲಲ್ಲಿ, ಜನ ಇರೋ ಕಡೆ, ಜೊತೆಗೊಬ್ಬರನ್ನ ಕರ್ಕೊಂಡು ಹೋಗಿ ನೋಡಿ, ಮಾರೋನು ಒಪ್ಪಲಿಲ್ಲ ಅಂದ್ರೆ ಆ ಕಾರು ಬೇಡ.

ಸೂಟ್‌ಕೇಸ್ ಕಟ್ಟೋರಿಗೆ ಎರಡು ವಿಷಯ. ಮಿಲಿಟರಿ ಡಿಸೈನ್ ಬಟ್ಟೆ ತರಬೇಡಿ, ಮಗುವಿನ ಚಡ್ಡಿ ಆದ್ರೂ ಸರಿ, ಇಲ್ಲಿ ಸೇನೆ ಬಿಟ್ಟು ಬೇರೆಯವರು ಹಾಕೋದು ಕಾನೂನಿಗೆ ವಿರುದ್ಧ. ಪೆಪ್ಪರ್ ಸ್ಪ್ರೇನೂ ಬೇಡ, 2021ರ ತನಕ ಪೂರ್ತಿ ನಿಷೇಧ ಇತ್ತು, ಈಗ ಪರ್ಮಿಟ್ ಇದ್ರೆ ಮಾತ್ರ. ಹಾಗೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಕಾರ್ಡ್ ಪಾಸ್‌ಪೋರ್ಟ್ ಜೊತೆ ಇಟ್ಕೊಳ್ಳಿ, ಇಲ್ಲಿಂದ ವಾಪಸ್ ಹೋದಾಗ ನಮ್ಮ ಏರ್‌ಪೋರ್ಟ್‌ಗಳಲ್ಲೇ ಕೇಳ್ತಾರೆ.

ಮರಾಕಸ್ ಬೀಚ್‌ಗೆ ಎಲ್ಲರೂ ಹೋಗ್ತೀರ. ನೋಡೋಕೆ ಸ್ವರ್ಗ, ಒಳಗೆ ಸೆಳೆತ ಭಾರಿ. ಮುರ್ಡೇಶ್ವರ, ಗೋಕರ್ಣದಲ್ಲಿ ನಾವು ಎಷ್ಟು ಮಕ್ಕಳನ್ನ ಕಳ್ಕೊಂಡಿದೀವಿ ನೆನಪಿಟ್ಕೊಂಡು ಲೈಫ್‌ಗಾರ್ಡ್ ಬಾವುಟಗಳ ಮಧ್ಯೆ ಮಾತ್ರ ನೀರಿಗಿಳೀರಿ. ಕ್ವೀನ್ಸ್ ಪಾರ್ಕ್ ಓವಲ್‌ಗೂ ಹೋಗಿಬನ್ನಿ, 1976ರಲ್ಲಿ ಭಾರತ 403 ರನ್ನಿನ ಗುರಿ ಬೆನ್ನತ್ತಿ ಗೆದ್ದಾಗ ನಮ್ಮ ವಿಶ್ವನಾಥ್ 112 ಹೊಡೆದ ಮೈದಾನ. ಮ್ಯಾಚ್ ರಾತ್ರಿ ಮುಗಿದ್ರೆ ಜನರ ಜೊತೆಗೇ ಹೊರಗೆ ಬನ್ನಿ.

ಬಂದ ವಾರದಲ್ಲೇ ಪೋರ್ಟ್ ಆಫ್ ಸ್ಪೇನ್‌ನ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ಬರೆಸಿ. ಪೊಲೀಸ್ 999, ಫೈರ್ 990, ಆಂಬುಲೆನ್ಸ್ 811, ಈಗಲೇ ಸೇವ್ ಮಾಡಿ.

ದಾವಣಗೆರೆ ಹುಡುಗಿಗೆ ಮತ್ತು ಅವರಮ್ಮನಿಗೆ: ಪಿಯಾರ್ಕೊ ಏರ್‌ಪೋರ್ಟಿಂದ ಹಿಂಬಾಲಿಸಿ ಗೇಟಲ್ಲಿ ದೋಚಿದ ಸುದ್ದಿಗಳು ಇಲ್ಲಿ ಪೇಪರಲ್ಲಿ ಬಂದಿವೆ, ಹಾಗಾಗಿ ಹೊರಗೆ ಬಂದು ಸಿಕ್ಕ ಗಾಡಿ ಹತ್ತಬೇಡ ಪುಟ್ಟ. ಫ್ಲೈಟ್ ನಂಬರ್ ಕಳಿಸು, ಎಷ್ಟು ಹೊತ್ತಾದ್ರೂ ನಾನೂ ಯಜಮಾನ್ರೂ ಬರ್ತೀವಿ. ಮೊದಲ ರಾತ್ರಿ ನಮ್ಮ ಮನೇಲಿ, ಬೆಳಿಗ್ಗೆ ನಿನ್ನ ಹಾಸ್ಟೆಲ್ ಬಾಗಿಲನ್ನ ನಾನೇ ಅಲ್ಲಾಡಿಸಿ ನೋಡಿ ಅಮ್ಮನಿಗೆ ವಿಡಿಯೋ ಕಳಿಸ್ತೀನಿ. ಆಮೇಲೆ ಕ್ಯುರೆಪ್ ಜಂಕ್ಷನ್‌ಗೆ ಹೋಗೋಣ, ಡಬಲ್ಸ್ ಅಮ್ಮನಿಗೆ ನಿನ್ನ ಮುಖ ತೋರಿಸಬೇಕು.