ನೀನು ಒತ್ತಿದ್ರೆ ನನಗೆ ಹೇಗೆ ಗೊತ್ತಾಗೋದು?

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

"ನೀವು ಸುಮ್ನೆ ಕ್ಯಾಮೆರಾ ನೋಡ್ತಾ ಕೂತ್ಕೊಳ್ಳಿ ಅಮ್ಮ. ಉತ್ತರ ನಾನು ಒತ್ತುತ್ತೀನಿ" ಅಂದ ಸೈಬರ್ ಸೆಂಟರಿನ ಹುಡುಗ.

ಅಮ್ಮ ಅವನ ಮುಖವನ್ನೇ ನೋಡಿದಳು. "ನೀನು ಒತ್ತಿದ್ರೆ ನನಗೆ ಹೇಗೆ ಗೊತ್ತಾಗೋದು ಮಾರಾಯ?"

"ಏನು ಗೊತ್ತಾಗ್ಬೇಕಮ್ಮ? ಎಲ್‌ಎಲ್‌ಆರ್ ಬರುತ್ತಲ್ಲ."

ಎಲ್‌ಎಲ್‌ಆರ್ ಅಂದರೆ ಗಾಡಿ ಕಲಿಯುವವರಿಗೆ ಮೊದಲು ಸಿಗುವ ಲೈಸೆನ್ಸ್. ಅದರ ಪರೀಕ್ಷೆಯ ಮಾತು ಇದು. ಅವನು ತಮಾಷೆ ಮಾಡುತ್ತಿರಲಿಲ್ಲ. ಅಮ್ಮನೂ ಮಾತಿಗೆ ಮಾತು ಕೊಡಬೇಕು ಅಂತ ಹೇಳಿದ್ದಲ್ಲ. ಇಬ್ಬರಿಗೂ ಇನ್ನೊಬ್ಬರು ಹೇಳಿದ್ದು ನಿಜವಾಗಿಯೂ ಅರ್ಥವಾಗಲಿಲ್ಲ. ನಡುವೆ ನಿಂತಿದ್ದ ನನಗೆ ಇಬ್ಬರದ್ದೂ ಅರ್ಥವಾಯಿತು.

ಅಮ್ಮನಿಗೆ 53 ವರ್ಷ. ಅಂಗನವಾಡಿ ಟೀಚರ್. ಶಾಲೆ ಇರುವ ಊರು ಶಿವಮೊಗ್ಗದ ನಮ್ಮ ಮನೆಯಿಂದ 9 ಕಿಲೋಮೀಟರ್. ಇಷ್ಟು ವರ್ಷ ಬಸ್ಸಿನಲ್ಲೇ ಓಡಾಡಿದಳು. ಈಗ ಬೆಳಗಿನ ಒಂದು ಬಸ್ಸು ನಿಂತುಹೋಗಿದೆ. "ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ, ಗಾಡಿ ಯಾಕೆ?" ಅಂದರು ಅಪ್ಪ. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮ ಮಲೆನಾಡಿನ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ. "ಫ್ರೀ ಇದ್ದರೆ ಸಾಕಾ, ಬಸ್ಸು ಬರೋದು ಬೇಡ್ವಾ?" ಅಂತ ಅಮ್ಮ ಕೇಳಿದ ಮೇಲೆ ಅಪ್ಪ ಮತ್ತೆ ಮಾತಾಡಲಿಲ್ಲ.

ನನ್ನ ಸ್ಕೂಟಿಯಲ್ಲೇ ಕಲಿಯುವುದು, ಮೊದಲು ಎಲ್‌ಎಲ್‌ಆರ್ ಮಾಡಿಸುವುದು ಅಂತ ತೀರ್ಮಾನವಾಯಿತು. ಈಗ ಅದಕ್ಕೆ ಆರ್‌ಟಿಒ ಆಫೀಸಿಗೆ ಹೋಗಲೇಬೇಕು ಅಂತಿಲ್ಲ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಕೊಟ್ಟು ಅರ್ಜಿ ಹಾಕಿದರೆ ಮನೆಯಲ್ಲೇ ಕೂತು ಪರೀಕ್ಷೆ ಬರೆಯಬಹುದು. ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ನೋಡಬೇಕು. ಆಮೇಲೆ ಕ್ಯಾಮೆರಾ ಮುಂದೆ ಕೂತು ಉತ್ತರ ಒತ್ತಬೇಕು. ಕನ್ನಡದಲ್ಲೇ ಇರುತ್ತದೆ. ಇಷ್ಟು ಒಳ್ಳೆಯ ವ್ಯವಸ್ಥೆ ನಮ್ಮ ಅಜ್ಜಿಯ ಕಾಲಕ್ಕೆ ಇದ್ದಿದ್ದರೆ ಎಷ್ಟು ಹೆಂಗಸರು ಗಾಡಿ ಕಲಿಯುತ್ತಿದ್ದರೋ ಅನ್ನಿಸುತ್ತದೆ.

ನಮ್ಮ ಮನೆಯ ಸ್ಕ್ಯಾನರ್ ಕೆಟ್ಟಿತ್ತು. ಹಾಗಾಗಿ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಹೋದೆವು. 40 ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅದು ಕೈಯಲ್ಲಿತ್ತು. ಹುಡುಗ ಚುರುಕಾಗಿದ್ದ. ಆರೋಗ್ಯದ ಘೋಷಣೆ ಬಂದ ಕೂಡಲೇ ಕೇಳದೆಯೇ ಟಿಕ್ ಹಾಕತೊಡಗಿದ. ಅಮ್ಮ ತಡೆದಳು. "ಅದೇನದು? ಓದು ಸ್ವಲ್ಪ." ಒಳ್ಳೆ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಲು ಆಗುತ್ತದೆಯೇ ಅಂತ ಒಂದು ಪ್ರಶ್ನೆ. ಅವನು ಓದಿದ.

ಅಮ್ಮ ಎದ್ದು ಹೊರಗೆ ಹೋದಳು.

ರಸ್ತೆ ಬದಿಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದರ ಹಿಂದಿನಿಂದ ಹೆಜ್ಜೆ ಎಣಿಸುತ್ತಾ ನಡೆದಳು. ಅಂಗನವಾಡಿ ಮಕ್ಕಳಿಗೆ ಎಣಿಸುವುದು ಕಲಿಸುವಾಗಿನ ಹಾಗೆ ಬಾಯಲ್ಲಿ ಸಣ್ಣಗೆ ಒಂದು, ಎರಡು ಅನ್ನುತ್ತಿದ್ದಳು. ತನ್ನ ಹೆಜ್ಜೆ ಚಿಕ್ಕದು ಅಂತ ಲೆಕ್ಕ ಹಾಕಿ 40ರವರೆಗೆ ಹೋಗಿ ತಿರುಗಿ ನಿಂತಳು. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕ ಮೇಲೆ ಮಾಡಿ, ನಂಬರನ್ನು ಜೋರಾಗಿ ಓದಿದಳು. ಒಂದು ಅಂಕಿಯೂ ತಪ್ಪಲಿಲ್ಲ. ವಾಪಸ್ ಬಂದು ಕೂತು, "ಆಗತ್ತೆ. ಈಗ ಹಾಕು" ಅಂದಳು.

ಹುಡುಗ ನನ್ನ ಕಡೆ ನೋಡಿ ನಕ್ಕ. ನನಗೆ ನಗು ಬರಲಿಲ್ಲ. ಆ ಪ್ರಶ್ನೆಗೆ ನಿಜವಾಗಿ ಉತ್ತರ ಹುಡುಕಿದವರನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅವನು ಕ್ಯಾಮೆರಾ ಮಾತು ಹೇಳಿದ್ದು. ಅದಕ್ಕೊಂದು ರೇಟೂ ಇತ್ತು. ಮುಖ ನಿಮ್ಮದು, ಬೆರಳು ನಮ್ಮದು, ಹತ್ತು ನಿಮಿಷದ ಕೆಲಸ. ಅವನು ಕೆಟ್ಟ ಹುಡುಗ ಅಂತ ನನಗೆ ಅನ್ನಿಸಲಿಲ್ಲ. ವಯಸ್ಸಾದ ಹೆಂಗಸು, ಕಂಪ್ಯೂಟರ್ ಗೊತ್ತಿಲ್ಲ, ಫೇಲ್ ಆದರೆ ಬೇಜಾರು ಮಾಡಿಕೊಳ್ಳುತ್ತಾರೆ, ಸಹಾಯ ಮಾಡೋಣ ಅಂತಲೇ ಅವನ ಲೆಕ್ಕ. ಮನೆಗೆ ಬಂದಾಗ ನನ್ನ ತಮ್ಮನೂ ಅದನ್ನೇ ಹೇಳಿದ. "ದುಡ್ಡು ಕೊಟ್ಟು ಮುಗಿಸೋದು ಬಿಟ್ಟು ಯಾಕಕ್ಕಾ ಅವಳಿಗೆ ಟೆನ್ಶನ್ ಕೊಡ್ತೀಯ?" ತಮ್ಮ ಅಮ್ಮನನ್ನು ತುಂಬಾ ಪ್ರೀತಿಸುತ್ತಾನೆ. ಆದರೆ ಪ್ರೀತಿ ಅಂದರೆ ಅವಳ ಕೆಲಸವನ್ನೆಲ್ಲ ಬೇರೆಯವರ ಕೈಲಿ ಮಾಡಿಸುವುದು ಅಂತ ತಿಳಿದಿದ್ದಾನೆ. ಅವಳಿಗೆ ಏನು ಬೇಕು ಅಂತ ಅವಳನ್ನೇ ಕೇಳುವುದಿಲ್ಲ.

ಮಂಗಳವಾರ ರಾತ್ರಿ ಅಮ್ಮ ನನ್ನ ಲ್ಯಾಪ್‌ಟಾಪ್ ಮುಂದೆ ನೋಟ್‌ಬುಕ್ ಇಟ್ಟುಕೊಂಡು ಕೂತಳು. ವಿಡಿಯೊ ನೋಡಿ ಮುಗಿಸಿದರೇನೇ ಪರೀಕ್ಷೆಯ ಪಾಸ್‌ವರ್ಡ್ ಬರುವುದು. ಹೆಚ್ಚಿನವರು ಅದನ್ನು ಓಡಲು ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಒಂದೊಂದೇ ಬರೆದುಕೊಂಡಳು. ಆಮೇಲೆ ಇಬ್ಬರೂ ಸೇರಿ ಪ್ರಶ್ನೆಗಳ ಪಟ್ಟಿ ತೆಗೆದೆವು.

ಘಟ್ಟದ ರಸ್ತೆಯಲ್ಲಿ ಎದುರುಬದುರು ಗಾಡಿ ಬಂದರೆ ಯಾರಿಗೆ ದಾರಿ ಬಿಡಬೇಕು ಅಂತ ಒಂದಿತ್ತು. ನನಗೆ ಗೊತ್ತಿರಲಿಲ್ಲ. ಅಮ್ಮ ಯೋಚನೆಯನ್ನೇ ಮಾಡಲಿಲ್ಲ. "ಹತ್ತೋ ಗಾಡಿಗೆ" ಅಂದಳು. ಅವಳ ತವರು ಆಗುಂಬೆ ಹತ್ತಿರ. ಚಿಕ್ಕವಳಿದ್ದಾಗ ಆ 14 ತಿರುವಿನಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ನೋಡಿದ್ದಾಳೆ. ಇಳಿಯುವ ಬಸ್ಸು ನಿಂತು, ಹತ್ತುವ ಲಾರಿಯನ್ನು ಮೇಲೆ ಬಿಡುತ್ತಿತ್ತಂತೆ. "ಹತ್ತೋವಾಗ ನಿಂತರೆ ಮತ್ತೆ ಎಬ್ಬಿಸೋದು ಕಷ್ಟ ಕಣೆ ಮಾರಾಯ್ತಿ. ಇಳಿಯೋನಿಗೆ ಏನು ನಷ್ಟ?" ನಲವತ್ತು ವರ್ಷದ ಹಿಂದೆ ಕಿಟಕಿಯಿಂದ ನೋಡಿದ್ದು ಹಾಗೇ ಉಳಿದುಕೊಂಡಿದೆ.

ಇನ್ನೊಂದು ಪ್ರಶ್ನೆಗೆ ನಾನು ಸುಮ್ಮನಾದೆ. ಬಿಳಿ ಕೋಲು ಹಿಡಿದ ಅಂಧರು ರಸ್ತೆ ದಾಟುತ್ತಿದ್ದರೆ ಏನು ಮಾಡಬೇಕು? ಆ ಬಿಳಿ ಕೋಲನ್ನೇ ಗಾಡಿ ನಿಲ್ಲಿಸುವ ಸೂಚನೆ ಅಂತ ತಿಳಿಯಬೇಕು.

ನನಗೆ ಲೈಸೆನ್ಸ್ ಆಗಿ ಹತ್ತು ವರ್ಷದ ಮೇಲಾಯಿತು. ಆಗ ಡ್ರೈವಿಂಗ್ ಸ್ಕೂಲಿನವರೇ ಎಲ್ಲ ಮಾಡಿಸಿದ್ದರು. ಪರೀಕ್ಷೆಯ ಹೊತ್ತಿಗೆ ಹಿಂದೆ ನಿಂತಿದ್ದವರು "ಎರಡನೇದು ಒತ್ತಿ, ಈಗ ಮೂರನೇದು" ಅಂತ ಹೇಳಿಕೊಟ್ಟರು. ಒತ್ತಿದ್ದು ನನ್ನದೇ ಬೆರಳು. ಪಾಸಾದೆ. ಪ್ರಶ್ನೆ ಏನಿತ್ತು ಅಂತ ನೆನಪಿಲ್ಲ, ಯಾಕೆಂದರೆ ಓದಿಯೇ ಇರಲಿಲ್ಲ.

ಮೂರು ವರ್ಷದ ಹಿಂದೆ ಗೋಪಿ ಸರ್ಕಲ್ ಹತ್ತಿರ ಮಳೆ ಹನಿಯುವಾಗ ಒಬ್ಬರು ಬಿಳಿ ಕೋಲು ಮುಂದೆ ಚಾಚಿ ರಸ್ತೆಗೆ ಕಾಲಿಟ್ಟಿದ್ದರು. ಅವರಿಗೆ ಗೊತ್ತಾಗಲಿ ಅಂತ ನಾನು ಹಾರ್ನ್ ಹೊಡೆದೆ. ಒಳ್ಳೆಯದಕ್ಕೇ ಅಂತ ಹೊಡೆದೆ. ಅವರು ಬೆಚ್ಚಿ ಹಿಂದಕ್ಕೆ ಸರಿದರು. ಕೋಲು ಕೈ ಜಾರಿ ಕೆಳಗೆ ಬಿತ್ತು. ನಾನು ಮುಂದೆ ಹೋದೆ. ಮಂಗಳವಾರ ರಾತ್ರಿ ಆ ಕೋಲು ಮತ್ತೆ ಕಣ್ಣ ಮುಂದೆ ಬಂತು. ಅವರು ಕೋಲು ಚಾಚಿ ನನಗೆ ನಿಲ್ಲು ಅಂತ ಹೇಳಿದ್ದರು. ಆ ಭಾಷೆ ನನಗೆ ಬರುತ್ತಿರಲಿಲ್ಲ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಮೊದಲೆಲ್ಲ ಇಂಥದ್ದನ್ನು ಓದಿದಾಗ ರಸ್ತೆ ಸರಿಯಿಲ್ಲ, ಕುಡಿದು ಓಡಿಸುತ್ತಾರೆ ಅಂದುಕೊಳ್ಳುತ್ತಿದ್ದೆ. ಅದೂ ನಿಜ. ಆದರೆ ನನ್ನ ಹಾಗೆ ಓದದೆಯೇ ಪಾಸಾಗಿ ರಸ್ತೆಗೆ ಇಳಿದವರು ಎಷ್ಟು ಜನ? ಮನೆಗೇ ಬಂದ ಪಾಠ ಇದು. ದುಡ್ಡಿಲ್ಲದವರಿಗೂ, ಹೊರಗೆ ಹೋಗಲು ಸಂಕೋಚ ಪಡುವವರಿಗೂ, ಐವತ್ತು ದಾಟಿದವರಿಗೂ ಸಿಗುವಂಥದ್ದು. ಅದನ್ನೂ ನಾವು ಬೇರೆಯವರ ಬೆರಳಿಗೆ ಒಪ್ಪಿಸುತ್ತಿದ್ದೇವೆ ಅನ್ನುವುದು ನನಗೆ ಸಂಕಟವಾಗುತ್ತದೆ. ಆ ಹುಡುಗನ ಹತ್ತಿರ ದಿನಕ್ಕೆ ಎಷ್ಟು ಮುಖಗಳು ಸುಮ್ನೆ ಕ್ಯಾಮೆರಾ ನೋಡಿ ಎದ್ದು ಹೋಗುತ್ತವೋ.

ಬುಧವಾರ ಅಮ್ಮ ಪರೀಕ್ಷೆ ಬರೆದಳು. ಟಿವಿ ಆಫ್ ಮಾಡಿಸಿದಳು, ಕುಕ್ಕರ್ ಇಳಿಸಿದಳು, ಅಪ್ಪನನ್ನು ಜಗಲಿಗೆ ಕಳಿಸಿದಳು. ನನ್ನನ್ನೂ ಒಳಗೆ ಬಿಡಲಿಲ್ಲ. ನೂರಕ್ಕೆ 60 ಬಂದರೆ ಪಾಸು. ಅವಳಿಗೆ ಅದಕ್ಕಿಂತ ಜಾಸ್ತಿಯೇ ಬಂತು. ಬಾಗಿಲು ತೆಗೆದವಳು ಪಾಸಾದೆ ಅಂತ ಹೇಳಲಿಲ್ಲ. "ಆ ನೀಲಿ ಬೋರ್ಡು ತಪ್ಪಾಯ್ತು ಅನ್ಸತ್ತೆ" ಅಂದಳು. ಒಂದು ಗೆರೆ ಇದ್ದರೆ ನೋ ಪಾರ್ಕಿಂಗ್, ಅಡ್ಡಡ್ಡ ಎರಡು ಗೆರೆ ಇದ್ದರೆ ಗಾಡಿ ನಿಲ್ಲಿಸಲೇಬಾರದು. ನೋಟ್‌ಬುಕ್ಕಿನಲ್ಲಿ ಎರಡನ್ನೂ ಪಕ್ಕಪಕ್ಕ ಬರೆದು ಕೆಳಗೆ ಗೀಟು ಹಾಕಿದಳು.

ಶನಿವಾರ ಬೆಳಿಗ್ಗೆ ಸ್ಕೂಟಿಗೆ ಕೆಂಪು ಎಲ್ ಅಂಟಿಸಿ, ನಾನು ಹಿಂದೆ ಕೂತು ಹೊರಟೆವು. ಮೈದಾನದಲ್ಲಿ ಒಂದು ಗಂಟೆ ಸುತ್ತಿದ ಮೇಲೆ, ಜನ ಕಡಿಮೆ ಇದ್ದ ಕಾಲೇಜು ರಸ್ತೆಯಲ್ಲಿ ನಿಧಾನವಾಗಿ ಬಂದಳು. ಜೀಬ್ರಾ ಪಟ್ಟೆಯ ಹತ್ತಿರ ಒಬ್ಬಳು ಹುಡುಗಿ ಬ್ಯಾಗು ಹಿಡಿದು ನಿಂತಿದ್ದಳು. ಅಮ್ಮ ಬ್ರೇಕ್ ಹಿಡಿದಳು. ಎರಡೂ ಕಾಲು ನೆಲಕ್ಕೆ ಊರಿದಳು. ಹುಡುಗಿಗೆ ಗೊತ್ತಾಗಲಿಲ್ಲ. "ನೀವು ಹೋಗಿ ಆಂಟಿ" ಅಂತ ಕೈ ಬೀಸಿದಳು. ಹಿಂದಿನ ಕಾರಿನವನು ಹಾರ್ನ್ ಒತ್ತಿದ, ಬಿಡಲೇ ಇಲ್ಲ. ಅಮ್ಮನ ಭುಜ ಗಟ್ಟಿಯಾಗಿದ್ದು ನನಗೆ ಕಾಣುತ್ತಿತ್ತು. ಆದರೂ ಕದಲಲಿಲ್ಲ.

"ನೀನು ದಾಟು ಪುಟ್ಟಿ" ಅಂದಳು. "ನಾನು ನಿಂತಿದ್ದೀನಿ."