ಕಂಬಳಿಯ ಜಗಳ

19 ಜುಲೈ 2024, ಶುಕ್ರವಾರ
ಚೆಂಬೂರು, ಮುಂಬಯಿ

ರಾತ್ರಿ ಎರಡು ಗಂಟೆಗೆ ಮಗ ಗಡಗಡ ನಡುಗುತ್ತಾ ಎದ್ದ. ಹಲ್ಲು ಕಟಕಟ. ಮೈ ಮುಟ್ಟಿದರೆ ಕಾದ ಹಂಚು. ಥರ್ಮಾಮೀಟರ್ 104.2 ತೋರಿಸಿತು.

ಅತ್ತೆ ಕಪಾಟಿನಿಂದ ಊರಿನ ಕಂಬಳಿ ತೆಗೆದು ಹೊದಿಸಿದರು. "ಮೈ ಇಷ್ಟು ಕಾಯ್ತಿದೆ, ಕಂಬಳಿ ಯಾಕೆ ಅತ್ತೆ?" ಅಂತ ನಾನು ಕಿತ್ತೆ. "ಮಗುವಿಗೆ ಚಳಿ ಆಗ್ತದೆ, ಕಾಣುವುದಿಲ್ವಾ ನಿನಗೆ?" ಅಂತ ಅವರು ಮತ್ತೆ ಹೊದಿಸಿದರು. ನಾನು ಫ್ರಿಜ್ ನೀರಲ್ಲಿ ಬಟ್ಟೆ ಅದ್ದಿ ಎದೆಗೂ ಇಟ್ಟೆ. ನಡುಕ ಇನ್ನೂ ಜಾಸ್ತಿಯಾಯಿತು. ಪ್ಯಾರಸಿಟಮಾಲ್ ಸಿರಪ್ ಕುಡಿಸಿ ಮುಕ್ಕಾಲು ಗಂಟೆ ಆದ ಮೇಲೆ ಬೆವರು ಬಿಟ್ಟು ನಿದ್ದೆ ಹೋದ. ನಾವಿಬ್ಬರೂ ಮಾತು ಬಿಟ್ಟು ಕೂತಿದ್ದೆವು.

ಬೆಳಿಗ್ಗೆ ಡಾಕ್ಟರು ಇಬ್ಬರನ್ನೂ ಬೈದರು. ಜ್ವರ ಅಂದರೆ ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳುವ ಭಾಗ, ಹೈಪೊಥಾಲಮಸ್, ತಾನೇ ಗೀಸರಿನ ತಿರುಪು ಏರಿಸಿದ ಹಾಗಂತೆ. ತಿರುಪು 104ಕ್ಕೆ ಹೋಗಿದ್ದರೆ, 99 ಇರುವ ಮೈಗೆ ಚಳಿ ಅನಿಸುತ್ತದೆ. ನಡುಗಿ ಬಿಸಿ ಮಾಡಿಕೊಳ್ಳುತ್ತದೆ. ಆಗ ತಣ್ಣೀರು ಹಾಕಿದರೆ ಇನ್ನೂ ನಡುಗುತ್ತದೆ, ನನ್ನ ತಪ್ಪು ಅದು. ನಡುಗುವಾಗ ತೆಳು ಹೊದಿಕೆ ಸಾಕು, ಬೆವರು ಬಂದ ಕೂಡಲೇ ತೆಗೆಯಬೇಕು. ಕಂಬಳಿ ಬೇಡವೇ ಬೇಡ. ಅತ್ತೆ ನನ್ನ ಕಡೆ ನೋಡಲಿಲ್ಲ.

ಪ್ಯಾರಸಿಟಮಾಲ್ ಮಾಡುವುದು ಆ ತಿರುಪನ್ನು ಇಳಿಸುವ ಕೆಲಸ. ಬಿಸಿಲು ಬಡಿದವರಿಗೆ ಮಾತ್ರ ಅದು ನಾಟುವುದಿಲ್ಲ. ಅಲ್ಲಿ ತಿರುಪು ಸರಿಯಾಗೇ ಇರುತ್ತದೆ, ಒಳಗಿನ ಶಾಖ ಹೊರಗೆ ಹೋಗುವ ದಾರಿ ಕೆಟ್ಟಿರುತ್ತದೆ. ಹೋದ ವರ್ಷ ಏಪ್ರಿಲ್‌ನಲ್ಲಿ ಖಾರ್ಘರ್‌ನ ಬಯಲು ಸಮಾರಂಭಕ್ಕೆ ಹೋದವರು ಬಿಸಿಲಿಗೆ ಸತ್ತರಲ್ಲ, ಅದು ಈ ಬಗೆಯದು. ಅಂಥವರಿಗೆ ನೀರು, ಐಸು, ಗಾಳಿ, ತಕ್ಷಣ ಆಸ್ಪತ್ರೆ.

"104 ಅಂದರೆ ಅಪಾಯ ಅಲ್ವಾ ಡಾಕ್ಟ್ರೇ?" ಅಂತ ಕೇಳಿದೆ. ಅಂಕಿಗಿಂತ ಮಗುವನ್ನು ನೋಡಿ ಅಂದರು. ನೀರು ಕುಡಿಯುತ್ತಾನಾ, ಉಚ್ಚೆ ಹೋಗುತ್ತಾನಾ, ಕರೆದರೆ ಓಗೊಡುತ್ತಾನಾ? 106.7 ದಾಟಿದರೆ ಅದು ಬೇರೆಯೇ ಮಾತು, ಏನೂ ಯೋಚಿಸದೆ ಓಡಬೇಕು. ಆದರೆ ಕಡಿಮೆ ಅಂಕಿಯೂ ಮೋಸ ಮಾಡುತ್ತದೆ. ಅತ್ತೆಗೆ ಎರಡು ವರ್ಷದ ಹಿಂದೆ 99.8 ಇತ್ತು, ಅಷ್ಟೇ. ನನ್ನನ್ನು ತನ್ನ ತಂಗಿ ಅಂದುಕೊಂಡು ಮಾತಾಡುತ್ತಿದ್ದರು. ನೋಡಿದರೆ ನ್ಯುಮೋನಿಯಾ. ವಯಸ್ಸಾದವರ ಮೈ ಜೋರಾಗಿ ಕಾಯುವುದೇ ಇಲ್ಲ ಎಷ್ಟೋ ಸಲ.

ಮಳೆಗಾಲದ ಮುಂಬಯಿ, ಹಾಗಾಗಿ ಮಲೇರಿಯಾ, ಡೆಂಗಿ ಎರಡಕ್ಕೂ ರಕ್ತ ಕೊಟ್ಟು ಬಂದೆವು. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಕೂಡದು, ರಕ್ತಸ್ರಾವದ ಭಯ. ಮಲೇರಿಯಾ ಇಲ್ಲವಂತೆ, ಸಂಜೆ ಫೋನ್ ಬಂತು. ಡೆಂಗಿ ರಿಪೋರ್ಟ್ ನಾಳೆ.

ಈಗ ರಾತ್ರಿ ಹತ್ತು. 101. ಎರಡು ಚಮಚ ಗಂಜಿ ಕುಡಿದು ವಡಾ ಪಾವ್ ಬೇಕು ಅಂತ ರಾಗ ತೆಗೆದಿದ್ದಾನೆ. ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ಕಂಬಳಿ ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದಾರೆ, ಕಪಾಟಿಗೆ ಮಾತ್ರ ಹಾಕಿಲ್ಲ.