ಈ ಪತ್ತೇದಾರಿ ಪುಸ್ತಕಗಳನ್ನು ರದ್ದಿಗೆ ಯಾಕೆ ಹಾಕಿಲ್ಲ?

ಮನೆಗೆ ಬಂದವರು ನನ್ನ ಕಪಾಟು ನೋಡಿ ಕೇಳುವ ಪ್ರಶ್ನೆ ಇದು. "ಸರ, ದೊಡ್ಡ ದೊಡ್ಡ ಸಾಹಿತ್ಯ ಓದ್ತೀರಿ. ಈ ಹಳೇ ಪತ್ತೇದಾರಿ ಪುಸ್ತಕಾ ಯಾಕ ಇಟ್ಕೊಂಡೀರಿ? ರದ್ದಿಗೆ ಹಾಕಬಾರದೇನ್ರಿ?"

ನಾನು ಗುಳೇದಗುಡ್ಡದವನು. ಅಪ್ಪ ಕುಪ್ಪಸದ ಖಣ ನೇಯುತ್ತಿದ್ದರು. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಪಕ್ಕದಲ್ಲಿ ಕೂತು ಪುಸ್ತಕ ಓದಿ ಹೇಳುವುದು ನನ್ನ ಕೆಲಸ. ಬಾಗಲಕೋಟೆಯಿಂದ ಬಾಡಿಗೆಗೆ ತಂದ ಪುಸ್ತಕ, ಮುಖಪುಟದಲ್ಲಿ ಪಿಸ್ತೂಲು ಇರಲೇಬೇಕು. ಮಗ್ಗದ ಸದ್ದಿನ ಮೇಲೆ ಕೇಳಬೇಕಲ್ಲ, ಹಾಗಾಗಿ ಕೂಗಿ ಓದುತ್ತಿದ್ದೆ. ಕತೆಯಲ್ಲಿ ಕತ್ತಲಕೋಣೆಯ ಬಾಗಿಲು ಕಿರ್ ಅಂದರೆ ಲಾಳಿ ನಿಂತುಬಿಡುತ್ತಿತ್ತು. ಒಲೆ ಮುಂದಿನಿಂದ ಅವ್ವ, "ಯಾಕ ನಿಂತಿ? ಮುಂದ ಓದು" ಅನ್ನುತ್ತಿದ್ದಳು.

ಅಪ್ಪನಿಗೆ ಕೂಲಿ ಸಿಗುತ್ತಿದ್ದದ್ದು ನೇಯ್ದ ಲೆಕ್ಕಕ್ಕೆ. ಲಾಳಿ ನಿಂತಷ್ಟು ಹೊತ್ತು ದುಡಿಮೆ ಇಲ್ಲ. ಅಂಥವರ ಕೈ ನಿಲ್ಲಿಸುವ ಹಾಗೆ ಬರೆಯೋದು ಸುಲಭವಾ?

ಮುಂದೆ ಅಮೆರಿಕದ ಪಲ್ಪ್ ಪತ್ರಿಕೆಗಳ ಬಗ್ಗೆ ಓದಿದಾಗ ನನಗೆ ನಮ್ಮ ಮಗ್ಗದ ಮನೆಯೇ ಕಂಡಿತು. 1896ರಲ್ಲಿ ಫ್ರ್ಯಾಂಕ್ ಮನ್ಸಿ ತನ್ನ 'ಆರ್ಗಸಿ' ಪತ್ರಿಕೆಯನ್ನು ಪೂರ್ತಿ ಕತೆಗಳಿಗೇ ಮೀಸಲಿಟ್ಟ. ಮರದ ತಿರುಳಿನ ಅಗ್ಗದ ಒರಟು ಕಾಗದ, ಬೆಲೆ 10 ಸೆಂಟ್. ಆ ತಿರುಳಿಗೇ ಇಂಗ್ಲಿಷಿನಲ್ಲಿ ಪಲ್ಪ್ ಅನ್ನುತ್ತಾರೆ. ಬರೆಯುವವರಿಗೆ ಹಣ ಪದದ ಲೆಕ್ಕಕ್ಕೆ, ಎಷ್ಟೋ ಜನರಿಗೆ ಪದಕ್ಕೆ ಒಂದೇ ಸೆಂಟ್. ಅವರೂ ಕೂಲಿ ಲೆಕ್ಕದವರೇ ಅಲ್ವಾ! ಟಾರ್ಜಾನ್ ಹುಟ್ಟಿದ್ದು 1912ರಲ್ಲಿ, ಇಂಥದೇ ಒಂದು ಪತ್ರಿಕೆಯಲ್ಲಿ. ಪತ್ತೇದಾರಿ ಕತೆಗಾರ ಡ್ಯಾಶಿಯಲ್ ಹ್ಯಾಮೆಟ್ ನಿಜವಾಗಿಯೂ ಪತ್ತೇದಾರಿ ಸಂಸ್ಥೆಯೊಂದರಲ್ಲಿ ದುಡಿದವನು. 'ಬ್ಲ್ಯಾಕ್ ಮಾಸ್ಕ್' ಪತ್ರಿಕೆಗೆ ಅವನು ಬರೆದ ಕತೆಗಳಲ್ಲಿ ಮಾತು ಕಡಿಮೆ, ಏಟು ಜಾಸ್ತಿ. ಇವತ್ತು ಅವನ ಕತೆಗಳನ್ನು ವಿಶ್ವವಿದ್ಯಾಲಯಗಳಲ್ಲಿ ಓದಿಸುತ್ತಾರೆ. 1926ರಲ್ಲಿ ವಿಜ್ಞಾನ ಕತೆಗಳಿಗೆಂದೇ 'ಅಮೇಝಿಂಗ್ ಸ್ಟೋರೀಸ್' ಶುರು ಮಾಡಿದವನು ಹ್ಯೂಗೋ ಗರ್ನ್ಸ್‌ಬ್ಯಾಕ್. ಅಂಥ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ಅವನದೇ ಹೆಸರು.

ಎರಡನೇ ಮಹಾಯುದ್ಧದಲ್ಲಿ ಕಾಗದದ ಬರ ಬಂತು. ಆಮೇಲೆ ಪೇಪರ್‌ಬ್ಯಾಕ್, ಟಿವಿ. 1950ರ ದಶಕ ಮುಗಿಯುವಷ್ಟರಲ್ಲಿ ಹೆಚ್ಚಿನ ಪಲ್ಪ್ ಪತ್ರಿಕೆಗಳು ನಿಂತುಹೋದವು.

ನಮ್ಮಲ್ಲಿ ಪತ್ತೇದಾರಿ ಕಾದಂಬರಿ ಬರೆಯುವ ಎನ್. ನರಸಿಂಹಯ್ಯನವರು ಇದ್ದರು. ಓದಿದ್ದು ನಾಲ್ಕನೇ ಇಯತ್ತೆವರೆಗೆ, ಬರೆದದ್ದು ಐನೂರರಷ್ಟು ಕಾದಂಬರಿ. ಸಣ್ಣ ವಾಕ್ಯ, ತೊಡಕಿಲ್ಲದ ಮಾತು. ಅವ್ವ ಶಾಲೆ ಕಂಡವಳಲ್ಲ. ನಾನು ಶಾಲೆಗೆ ಹೋದಾಗ ಕತೆ ಅರ್ಧಕ್ಕೆ ನಿಲ್ಲುತ್ತಿತ್ತಲ್ಲ, ಅದನ್ನು ತಾಳಲಾರದೆ ಅಕ್ಷರ ಕೂಡಿಸಿ ಓದಲು ಕಲಿತಳು. ಪಠ್ಯಪುಸ್ತಕದಿಂದ ಅದು ಆಗುತ್ತಿರಲಿಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಎಲ್ಲವೂ ಚೆನ್ನಾಗಿತ್ತು ಅನ್ನುವುದಿಲ್ಲ. ಅಮೆರಿಕದ ಎಷ್ಟೋ ಕತೆಗಳಲ್ಲಿ ಪರದೇಶದವನೇ ಖಳ, ಹೆಣ್ಣು ಕಿರುಚುವುದಕ್ಕಷ್ಟೇ ಬರುತ್ತಾಳೆ. ಓದುವಾಗ ಬೇಸರವಾಗುತ್ತದೆ, ಆಗಲೇಬೇಕು. ಆದರೆ ದುಡಿದು ದಣಿದವನನ್ನು ಓದುಗ ಅಂತ ಎಣಿಸಿದ್ದು, ಅವನ ಕಿಸೆಗೆ ತಕ್ಕ ಬೆಲೆ ಇಟ್ಟಿದ್ದು ಈ ಪುಸ್ತಕಗಳೇ. ಅದನ್ನು ನಾನು ಮರೆಯಲಾರೆ.

ಅಗ್ಗದ ಕಾಗದಕ್ಕೆ ಆಯುಷ್ಯ ಕಡಿಮೆ. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ನನ್ನ ಪುಸ್ತಕಗಳ ಅಂಚು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತವೆ. ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಅವ್ವನಿಗೆ ಈಗ ಕಣ್ಣು ಮಂಜು. ರಾತ್ರಿ ಊಟವಾದ ಮೇಲೆ ನಾನೇ ಓದುತ್ತೇನೆ, ಮಗ್ಗದ ಸದ್ದಿಲ್ಲ, ಕೂಗಬೇಕಿಲ್ಲ. ನಿದ್ದೆ ಬಂತೇನೋ ಅಂತ ಪುಸ್ತಕ ಮುಚ್ಚಲು ಹೋದರೆ ಕೈ ಹಿಡಿಯುತ್ತಾಳೆ.

"ತಡಿಯಪಾ. ಆ ಕೀಲಿ ಯಾರ ಕೈಯಾಗಿತ್ತು ಅಂದಿ?"